ನೂರ ಮೂವತ್ತು ಕರಟಗಳ ಜವಾಬ್ದಾರಿ

೯ ಫೆಬ್ರವರಿ ೨೦೨೫, ಭಾನುವಾರ

ಸೊಸೆ ಪವಿತ್ರಾ ಈ ದಿನ ಬೆಳಿಗ್ಗೆ ಎಂಟೂವರೆಯ ಹುಳಿಯಾರು ಬಸ್ಸಿನಲ್ಲಿ ತನ್ನ ತವರಾದ ಕೆಂಕೆರೆಗೆ ತೆರಳಿರುತ್ತಾಳೆ. ಆಕೆಯ ತಂದೆ ಅಣ್ಣಯ್ಯನವರು ಕೊಟ್ಟಿಗೆಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದು, ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲದ ಕಾರಣ ಆಕೆ ಒಂದು ತಿಂಗಳಿಗೂ ಮೇಲ್ಪಟ್ಟು ಅಲ್ಲಿರಬೇಕಾಗಿದೆ. ಸದರಿ ಅವಧಿಗೆ ನಮ್ಮ ತಾರಸಿಯ ಮೇಲಿರುವ ನೂರ ಮೂವತ್ತು ಗಿಡಗಳ ಸಂಪೂರ್ಣ ಜವಾಬ್ದಾರಿಯನ್ನು ನನಗೆ ವಹಿಸಲಾಗಿದೆ.

ದಪ್ಪ ಎಲೆಗಳೊಳಗೆ ನೀರು ಕೂಡಿಟ್ಟುಕೊಂಡು ಬಿಸಿಲಿನಲ್ಲೇ ಬದುಕುವ ಈ ಜಾತಿಗೆ ಪವಿತ್ರಾ ಸಕ್ಯುಲೆಂಟ್ ಎನ್ನುತ್ತಾಳೆ. ತಾವರೆಯಂತೆ ಎಲೆ ಜೋಡಿಸಿಕೊಂಡದ್ದು, ಗುಂಡೆಲೆಯದು, ಬಿಳಿ ಪಟ್ಟೆಯದು ಎಂದು ಮೂರು ಬಗೆ. ಒಂದೊಂದನ್ನೂ ಅರ್ಧ ಕರಟದಲ್ಲಿ ನೆಡಲಾಗಿದೆ. ತುಳಸಿಯೂ ನಿಲ್ಲದ ಈ ತಾರಸಿಯಲ್ಲಿ ಆಕೆ ಇವನ್ನು ಒಂದೊಂದು ಎಲೆಯಿಂದ ಎಬ್ಬಿಸಿದ್ದಾಳೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಏಪ್ರಿಲ್ ಇಪ್ಪತ್ತರಂದು ತುರುವೇಕೆರೆಯ ದಯಾನಂದ್ ಎಂಬುವರ ಮಗಳ ಮದುವೆಯಿದ್ದು, ಬರುವ ಹೆಣ್ಣುಮಕ್ಕಳಿಗೆ ತಾಂಬೂಲದ ಜೊತೆ ಒಂದೊಂದು ಗಿಡ ಕೊಡಲು ಅವರು ಪವಿತ್ರಾಳನ್ನು ಕೇಳಿದ್ದಾರೆ. ಹೊರಗಿನವರು ಆಕೆಯನ್ನು ನಂಬಿ ಕೊಟ್ಟ ಮೊದಲ ಕೆಲಸವಿದು. ನಾಲ್ಕು ಊರಿನಲ್ಲಿ ಆಕೆಯ ಹೆಸರು ನಿಲ್ಲುವುದೂ ಕೆಡುವುದೂ ಇದರಿಂದಲೇ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು.

“ಅತ್ತೆ, ನೀರು ಮಾತ್ರ ಹಾಕ್ಬೇಡಿ. ಎಲೆ ಸುಕ್ಕಾದಂಗೆ ಕಂಡ್ರೂ ಹಾಕ್ಬೇಡಿ. ನಾನು ಫೋನಲ್ಲಿ ಹೇಳ್ದಾಗ ಹಾಕಿ, ಸಾಕು.”

“ಐವತ್ತು ವರ್ಷ ಗಿಡ ಸಾಕಿದೀನಿ ಕಣಮ್ಮ.”

“ಅದಕ್ಕೇ ಹೇಳ್ತಿರೋದು.”

ಈ ಕೊನೆಯ ಮಾತಿನ ತಾತ್ಪರ್ಯ ನನಗೆ ವಿದಿತವಾಗಲಿಲ್ಲ.

ನನ್ನ ಯಜಮಾನರು ತುರುವೇಕೆರೆ ತಾಲ್ಲೂಕು ಕಚೇರಿಯ ಮುಂದೆ ಮೂವತ್ತೆಂಟು ವರ್ಷ ಅರ್ಜಿ ಬರೆದರು. ಅವರು ಗೀಚಿ ತಂದದ್ದನ್ನೆಲ್ಲ ಮನೆಯಲ್ಲಿ ಕುಳಿತು ಶುದ್ಧಪ್ರತಿ ಮಾಡುತ್ತಿದ್ದವಳು ನಾನು. ಸಹಿ ಅವರದು, ಅಕ್ಷರ ನನ್ನದು. ಈ ಪುಟ್ಟಗೌರಮ್ಮನ ಪ್ರತಿಯಲ್ಲಿ ಒಂದು ಚಿತ್ತು ತೋರಿಸಿದ ಅಧಿಕಾರಿ ಇದುವರೆಗೆ ಹುಟ್ಟಿಲ್ಲ. ಅಂಥವಳಿಗೆ ನೂರ ಮೂವತ್ತು ಕರಟ ಒಂದು ಹೊರೆಯಲ್ಲ.

೧೨ ಫೆಬ್ರವರಿ, ಬುಧವಾರ

ಈ ದಿನ ಗಿಡಗಳನ್ನು ಖುದ್ದು ಪರಿಶೀಲಿಸಲಾಯಿತು. ಕರಟಗಳಲ್ಲಿ ಮಣ್ಣೆಂಬುದು ಹೆಸರಿಗೆ ಮಾತ್ರ ಇರುತ್ತದೆ. ಮಿಕ್ಕಿದ್ದೆಲ್ಲ ಸಣ್ಣ ಜಲ್ಲಿ, ಇಟ್ಟಿಗೆ ಚೂರು, ಹಳ್ಳದ ಮರಳು. ಮನೆ ಕಟ್ಟಿ ಉಳಿದ ಕಸದಲ್ಲಿ ಗಿಡ ನೆಟ್ಟಂತಿದೆ. ಅಲ್ಲದೆ ಒಳ್ಳೊಳ್ಳೆಯ ಕರಟಗಳ ಕಣ್ಣನ್ನು ಕೊರೆದು ತೂತು ಮಾಡಲಾಗಿದ್ದು, ಹಾಕಿದ ನೀರು ಹಾಕಿದಂತೆಯೇ ಸೋರಿಹೋಗುವುದು ನಿಶ್ಚಯ. ತಾವರೆ ಜಾತಿಯ ಎಲೆಗಳು ನನ್ನ ಕೈಬೆರಳಿನ ಹಾಗೆ ಸುಕ್ಕುಗಟ್ಟಿವೆ.

ಪವಿತ್ರಾ ವಿದ್ಯಾವಂತೆ, ಶ್ರಮಜೀವಿ. ಆದರೆ ಫೋನಿನಲ್ಲಿ ನೋಡಿ ಕಲಿತ ಕೃಷಿ. ಈ ಸೀಮೆಯಲ್ಲಿ ತೆಂಗಿನ ಸಸಿಯಿಂದ ಹಿಡಿದು ಕನಕಾಂಬರದವರೆಗೆ ಎಲ್ಲವನ್ನೂ ಎಬ್ಬಿಸಿರುವುದು ನೀರು ಹಿಡಿದಿಡುವ ತೆಂಗಿನ ನಾರಿನ ಪುಡಿ. ಅದು ನಮ್ಮ ಮಗ ಬಾಲರಾಜು ಕೆಲಸ ಮಾಡುವ ನಾರಿನ ಫ್ಯಾಕ್ಟರಿಯ ಹಿಂದೆ ಗುಡ್ಡಗುಡ್ಡವಾಗಿ ಬಿದ್ದಿರುವಾಗ ಮನೆಯ ಗಿಡ ಜಲ್ಲಿ ತಿಂದು ಬದುಕಬೇಕೆ? ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಗಿದೆ.

೧೬ ಫೆಬ್ರವರಿ, ಭಾನುವಾರ

ಮಗ ಬಾಲರಾಜು ನಾಲ್ಕು ಮೂಟೆ ನಾರಿನ ಪುಡಿಯನ್ನು ತಂದು ತಾರಸಿಗೆ ಹೊತ್ತು ಹಾಕಿದನು.

“ಅವ್ವ, ಪವಿತ್ರಾ ಕೇಳಿದ್ಲಾ ಇದನ್ನ?”

“ಅವಳು ಕೇಳೋವರೆಗೂ ಕಾಯ್ತಾ ಕೂತ್ರೆ ಗಿಡ ಒಣಗೋಗ್ತವೆ.”

“ಒಂದ್ ಮಾತು ಫೋನ್ ಮಾಡ್ಲಾ?”

“ಅವರಪ್ಪನ ಕಾಲು ನೋಡ್ಕೊಳ್ಳೋಳಿಗೆ ಇದೂ ಒಂದು ತಲೆನೋವು ಕೊಡ್ಬೇಕೇನೋ?”

ಆತ ತಲೆ ಕೆರೆದುಕೊಂಡು ಇಳಿದು ಹೋದನು. ನಾನು ಬೆಳಗಿನಿಂದ ಸಂಜೆಯವರೆಗೆ ಮೂವತ್ತೈದು ಗಿಡಗಳನ್ನು ಬದಲಿಸಿದೆ. ಕರಟದ ತೂತಿಗೆ ನಾರು ತುರುಕಿ ಭದ್ರಪಡಿಸಿ, ಪುಡಿಯನ್ನು ಅಂಚಿನವರೆಗೆ ಒತ್ತಿ ತುಂಬಿ, ಒಂದೊಂದಕ್ಕೂ ಒಂದು ಲೋಟ ನೀರು. ಸೊಂಟ ನೋಯುತ್ತಿದೆ. ಆದರೂ ಸಾಲು ನೋಡಿದರೆ ನನ್ನ ಕೈಬರಹವೇ ತಾರಸಿಯ ಮೇಲೆ ಇಳಿದಂತಿದೆ.

೨೩ ಫೆಬ್ರವರಿ, ಭಾನುವಾರ

ಎಲ್ಲ ನೂರ ಮೂವತ್ತನ್ನೂ ಬದಲಿಸುವ ಕೆಲಸ ನಾಲ್ಕು ದಿನದ ಹಿಂದೆಯೇ ಮುಗಿದಿರುತ್ತದೆ. ಫಲಿತಾಂಶ ನಿರೀಕ್ಷೆಗೂ ಮೀರಿದ್ದು. ಸುಕ್ಕೆಲ್ಲ ಮಾಯವಾಗಿ, ಎಲೆಗಳು ಹೊಟ್ಟೆ ತುಂಬ ಉಂಡ ಮಗುವಿನ ಕೆನ್ನೆಯಂತೆ ಉಬ್ಬಿವೆ. ಈ ಸಂಗತಿಯನ್ನು ಯಾರಿಗಾದರೂ ತೋರಿಸದೆ ಇರಲಾಗದೆ ಪಕ್ಕದ ಮನೆಯ ಚಿಕ್ಕಗಂಗಮ್ಮನನ್ನು ತಾರಸಿಗೆ ಕರೆದೆ. ಆಕೆ ಹತ್ತಿ ಬಂದವಳೇ ಕರಟಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಅಲ್ಲ ಕಣೇ ಗೌರಿ, ಮದುವೆಗೆ ಬಂದೋರ ಕೈಗೆ ಚಿಪ್ಪು ಕೊಟ್ಟು ಕಳಿಸ್ತಾಳಾ ನಿನ್ ಸೊಸೆ?”

“ಗಿಡ ನೋಡೇ ಮೊದ್ಲು. ಚಿಪ್ಪು ಆಮೇಲೆ ನೋಡೀಯಂತೆ.”

“ಗಿಡ ಏನೋ ದುಂಡಗವೆ ಬುಡು. ನೀನು ಉಣ್ಣಕ್ಕಿಕ್ಕಿದ್ರೆ ಯಾರು ತಾನೆ ಸಣ್ಣಗಿರ್ತಾರೆ.”

ಇದನ್ನು ಪ್ರಶಂಸೆಯೆಂದೇ ಪರಿಗಣಿಸಲಾಗಿದೆ. ದಿನವಹಿ ಒಂದೊಂದು ಲೋಟ ನೀರು ಮುಂದುವರಿಯುತ್ತಿದೆ. ಪವಿತ್ರಾ ಹಿಂತಿರುಗಿದ ದಿನ ಆಕೆಯ ಮುಖ ನೋಡಬೇಕು.

೨೭ ಫೆಬ್ರವರಿ, ಗುರುವಾರ

ನಿನ್ನೆ ಶಿವರಾತ್ರಿಯ ಉಪವಾಸವಿದ್ದು ತಾರಸಿಗೆ ಹೋಗಿರಲಿಲ್ಲ. ಈ ದಿನ ನೋಡಲಾಗಿ ನಾಲ್ಕು ಗಿಡಗಳು ತಳದ ಎಲೆ ಉದುರಿಸಿರುತ್ತವೆ. ಸ್ವಾಭಾವಿಕ.

೧ ಮಾರ್ಚ್, ಶನಿವಾರ

ಹನ್ನೊಂದು. ಎಲೆಗಳು ಗಾಜಿನಂತೆ ಪಾರದರ್ಶಕವಾಗಿದ್ದು, ಮುಟ್ಟಿದರೆ ಕಳಚಿಕೊಳ್ಳುತ್ತಿವೆ. ಬಿಸಿಲು ಹೆಚ್ಚಿರುವುದೇ ಕಾರಣವೆಂದು ಕಂಡುಬಂದಿದ್ದು, ನೀರನ್ನು ಎರಡು ಹೊತ್ತಿಗೆ ಏರಿಸಲಾಗಿದೆ.

೩ ಮಾರ್ಚ್, ಸೋಮವಾರ

ಇಪ್ಪತ್ತಾರು.

ಕೆಂಕೆರೆಯಿಂದ ಪವಿತ್ರಾಳ ದೂರವಾಣಿ ಬಂದಿತ್ತು. ಗಿಡಗಳು ಕ್ಷೇಮವಾಗಿವೆ ಎಂದು ತಿಳಿಸಲಾಯಿತು.

೫ ಮಾರ್ಚ್, ಬುಧವಾರ

ಬೆಟ್ಟದ ತಪ್ಪಲಿನಲ್ಲಿ ಕುರಿ ಮೇಯಿಸುವ ಗಿಡ್ಡಯ್ಯ ಈ ದಿನ ಬಂದಿದ್ದನು. ಕುರಿ ಕೊಟ್ಟಿಗೆಗೆ ಸಹಾಯ ಕೋರಿ ಅರ್ಜಿ ಬರೆಸಬೇಕಿತ್ತಂತೆ. ಕಂಪ್ಯೂಟರಿನ ಅಕ್ಷರ ಎಲ್ಲರದೂ ಒಂದೇ ತರಹವಿರುತ್ತದೆ, ನಿನ್ನದನ್ನಾದರೆ ಸಾಹೇಬರು ಕನ್ನಡಕ ಹಾಕಿಕೊಂಡು ಓದುತ್ತಾರೆ ಎಂಬುದು ಆತನ ನಂಬಿಕೆ. ನಾನು ಮೇಲಿದ್ದುದರಿಂದ ಆತನೂ ಹತ್ತಿ ಬಂದು, ಮೆಟ್ಟಿಲ ತುದಿಯಲ್ಲೇ ನಿಂತು ಮೂಗು ಅರಳಿಸಿದನು.

“ಏನ್ ಗೌರಕ್ಕ, ಇಲಿ ಗಿಲಿ ಸತ್ತೈತಾ?”

ಆತ ಕುಕ್ಕರಗಾಲಿನಲ್ಲಿ ಕುಳಿತು ಒಂದು ತಾವರೆ ಗಿಡವನ್ನು ಎತ್ತಿದನು. ಗಿಡ ಬಂದಿತು, ಬೇರು ಬರಲಿಲ್ಲ. ಬೇರಿದ್ದ ಜಾಗದಲ್ಲಿ ಕಪ್ಪು ಲೋಳೆಯಿತ್ತು. ಆತ ಒಂದು ಹಿಡಿ ಪುಡಿಯನ್ನು ತೆಗೆದು ಹಿಂಡಿದನು. ಒದ್ದೆ ಬಟ್ಟೆಯಿಂದ ಇಳಿದಂತೆ ನೀರು ಇಳಿಯಿತು.

“ಎಷ್ಟು ದಿನಕ್ಕೊಂದ್ಸಲ ಹಾಕ್ತೀಯಕ್ಕ ನೀರು?”

“ದಿನಾ.”

“ದಿನಾ,” ಎಂದು ಆತನೂ ಒಮ್ಮೆ ಹೇಳಿಕೊಂಡನು. “ನಮ್ ಬೆಟ್ಟದ್ ಮೇಲಿರೋ ಕಳ್ಳಿಗೆ ದಿನಾ ಯಾರಕ್ಕ ಕೊಡ ಹೊತ್ಕೊಂಡ್ ಹೋಗ್ತಾರೆ? ಬಂಡೆ ಸಂದೀಲಿ ಅದರ ಪಾಡಿಗೆ ಅದು ಬೆಳ್ಕೊಂತದೆ. ಇದೂ ಅದರ ಬೀಗರ ಕಡೇದೇ. ನೀನು ತೆಂಗಿನ ಸಸಿ ಸಾಕ್ದಂಗೆ ಸಾಕಿದೀಯ. ಬಚ್ಚಲಲ್ಲಿ ಬೇರು ಇಳೀಬುಟ್ಟು, ಬಾಯಿಗೂ ಬಟ್ಟೆ ತುರುಕಿದೀಯ.”

“ಅರ್ಜಿ ಬರೆಸಕ್ಕೆ ಬಂದ್ಯೋ, ನ್ಯಾಯ ಹೇಳಕ್ಕೆ ಬಂದ್ಯೋ?”

“ಎರಡೂ ಮುಗಿಸ್ಕೊಂಡೇ ಹೋಗ್ತೀನಿ ಬುಡು.”

ಸಿಟ್ಟು ಬಂದಿತ್ತು. ಆದರೂ ಕೇಳಿಸಿಕೊಂಡೆ. ಕೊಳೆತ ಭಾಗದ ಮೇಲಕ್ಕೆ ಕುಯ್ಯಬೇಕು. ಕುಯ್ದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಕಂಡರೂ ಇನ್ನಷ್ಟು ಮೇಲಕ್ಕೆ ಕುಯ್ಯಬೇಕು. ಬಳಿಕ ನೆರಳಿನಲ್ಲಿ ಮಲಗಿಸಿ, ಗಾಯ ಒಣಗಿ ಚರ್ಮ ಕಟ್ಟುವವರೆಗೆ ಮಣ್ಣನ್ನೂ ನೀರನ್ನೂ ತೋರಿಸಬಾರದು.

“ಹತ್ ದಿನ ಹಿಡೀತದೆ. ನಿನ್ ಕೈಲಿ ಆಯ್ತದಾ ಅಕ್ಕ?”

“ಏನು, ಕುಯ್ಯೋದಾ?”

“ಸುಮ್ಕಿರೋದು.”

ಆತನ ಅರ್ಜಿಯನ್ನು ಬರೆದುಕೊಟ್ಟೆ. ಎಂದಿನಂತೆ ಚಿತ್ತಿಲ್ಲದೆ ಬಂದಿರುತ್ತದೆ.

೬ ಮಾರ್ಚ್, ಗುರುವಾರ

ಬೆಳಿಗ್ಗೆಯಿಂದ ಕುಯ್ದೆ. ತರಕಾರಿ ಚಾಕುವನ್ನು ಪ್ರತಿ ಗಿಡಕ್ಕೂ ಬೆಂಕಿಯಲ್ಲಿ ಕಾಯಿಸಿ ಒರೆಸಿ ಕುಯ್ದೆ. ಕೆಲವು ಮೊದಲ ಪೆಟ್ಟಿಗೇ ಹಸಿರಾಗಿ ತೆರೆದುಕೊಂಡವು. ಕೆಲವನ್ನು ಮೇಲೆ ಮೇಲೆ ಕುಯ್ಯುತ್ತ ಹೋಗಿ, ಕೊನೆಗೆ ಕೈಯಲ್ಲಿ ಏನೂ ಉಳಿಯಲಿಲ್ಲ. ಪಟ್ಟೆ ಜಾತಿ ಗಟ್ಟಿ, ಹೆಚ್ಚು ಉಳಿದಿದೆ. ತಾವರೆ ಜಾತಿಯೇ ಹೆಚ್ಚು ಹೋಗಿದ್ದು.

ಸತ್ತವು ಐವತ್ತೊಂಬತ್ತು. ಎಪ್ಪತ್ತೊಂದನ್ನು ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಹಳೆಯ ಪಂಚೆಯ ಮೇಲೆ ಮಲಗಿಸಿದ್ದೇನೆ.

ಸಂಜೆ ಬಾಲರಾಜು ಬಂದು ಪಂಚೆಯ ಮೇಲಿನ ಸಾಲನ್ನು ಎಣಿಸಿದನು. ಆಮೇಲೆ ಹೇಳಿದ, “ಅವ್ವ, ಮೂಟೆ ತಂದಿದ್ದು ನಾನು ಅಂತ ಅವಳಿಗೆ ಹೇಳ್ಬೇಡ. ಬಿಸಿಲಿಗೆ ಹೋದ್ವು ಅನ್ನು, ಮುಗೀತು.”

ನಲವತ್ತು ವರ್ಷದ ಗಂಡಸು ಹೆಂಡತಿಗೆ ಹೆದರಿ ಬಿಸಿಲಿನ ಹಿಂದೆ ಅಡಗಿಕೊಳ್ಳುತ್ತಾನೆ. ಇಂಥ ಪುಕ್ಕಲುತನ ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಎಲ್ಲಿಂದ ಬಂದಿತೋ ತಿಳಿಯದು.

೮ ಮಾರ್ಚ್, ಶನಿವಾರ

ಪವಿತ್ರಾಳಿಗೆ ತಿಳಿಸಲು ಒಂದು ಪತ್ರದ ಕರಡನ್ನು ತಯಾರಿಸಲಾಯಿತು. ಅದರ ಸಾರಾಂಶ ಹೀಗಿರುತ್ತದೆ:

“ತಮ್ಮ ಅನುಪಸ್ಥಿತಿಯಲ್ಲಿ ಸದರಿ ಗಿಡಗಳ ಹಿತದೃಷ್ಟಿಯಿಂದ ಕೈಗೊಂಡ ಕ್ರಮಗಳ ಸಂದರ್ಭದಲ್ಲಿ, ಬಾಲರಾಜನು ಸರಬರಾಜು ಮಾಡಿದ ಪುಡಿಯಲ್ಲಿನ ದೋಷದಿಂದಲೂ, ಹವಾಮಾನದ ವೈಪರೀತ್ಯದಿಂದಲೂ, ಅಚಾತುರ್ಯವಶಾತ್ ಕೆಲವು ಗಿಡಗಳಿಗೆ ಹಾನಿ ಸಂಭವಿಸಿರುತ್ತದೆ.”

ಓದಿಕೊಂಡೆ. ಬಹಳ ಚೆನ್ನಾಗಿತ್ತು. ಎಲ್ಲಿಯೂ ಹಿಡಿಯಲು ಒಂದು ಹಿಡಿಕೆಯಿಲ್ಲ. ಕ್ಷಮಾಪಣೆ ಕೋರುವ ಅರ್ಜಿಗಳನ್ನು ನಾನು ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ಶುದ್ಧಪ್ರತಿ ಮಾಡಿದ್ದೇನೆ. ಅವುಗಳಲ್ಲಿ ತಪ್ಪನ್ನು ಯಾರೂ ಮಾಡುವುದಿಲ್ಲ, ಅದು ತಾನಾಗಿಯೇ ಸಂಭವಿಸಿರುತ್ತದೆ. ಇದೂ ಆ ಸಾಲಿನಲ್ಲಿ ನಿಲ್ಲತಕ್ಕ ಅರ್ಜಿ.

ಬಾಲರಾಜನ ಹೆಸರನ್ನು ಹೊಡೆದು ಹಾಕಿದೆ. ಹವಾಮಾನವನ್ನು ಹೊಡೆದು ಹಾಕಿದೆ. ಅಚಾತುರ್ಯವನ್ನೂ ಹೊಡೆದು ಹಾಕಿದ ಮೇಲೆ ಹಾನಿ ಮಾತ್ರ ಉಳಿಯಿತು. ಹಾಳೆ ನೋಡಲು ಅಸಹ್ಯವಾಗಿದೆ. ಬೇರೆ ಪ್ರತಿ ಮಾಡಲು ಮನಸ್ಸಾಗಲಿಲ್ಲ.

೯ ಮಾರ್ಚ್, ಭಾನುವಾರ

ಬಾಲರಾಜು ಎದ್ದು ಹೊರಗೆ ಹೋದ ಮೇಲೆ ಕೆಂಕೆರೆಗೆ ಫೋನ್ ಮಾಡಿದೆ.

“ಪವಿತ್ರಾ, ನಿನ್ನ ಗಿಡ ನಾನು ಕೊಂದೆ ಕಣಮ್ಮ. ನೀನು ಬೇಡ ಅಂದಿದ್ದನ್ನೇ ಮಾಡ್ದೆ. ನಾರಿನ ಪುಡಿ ತುಂಬಿ, ದಿನಾ ನೀರು ಹಾಕ್ದೆ. ಐವತ್ತೊಂಬತ್ತು ಹೋದ್ವು. ಹೋದ ವಾರ ನೀನು ಕೇಳ್ದಾಗ್ಲೇ ಹೋಗ್ತಿದ್ವು. ಸುಳ್ಳು ಹೇಳ್ದೆ.”

ಅತ್ತ ಕಡೆ ದನ ಕೂಗುತ್ತಿದ್ದುದು ಕೇಳಿಸುತ್ತಿತ್ತು. “ಇಡ್ತೀನಿ ಅತ್ತೆ,” ಎಂದಳು.

ಮಧ್ಯಾಹ್ನದ ಮುದ್ದೆಯನ್ನು ಹಾಗೆಯೇ ಮುಚ್ಚಿಟ್ಟೆ.

೧೬ ಮಾರ್ಚ್, ಭಾನುವಾರ

ಹತ್ತು ದಿನ ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸವನ್ನು ಯಾರೂ ಹೇಳಿರಲಿಲ್ಲ. ದಿನಕ್ಕೆ ಹತ್ತು ಸಲ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂತಿರುಗಿದ್ದೇನೆ. ಗಾಯಗಳು ಒಣಗಿ ಕಂದು ಚರ್ಮ ಕಟ್ಟಿವೆ. ಹನ್ನೆರಡರಲ್ಲಿ ದಾರದೆಳೆಯಷ್ಟು ಸಣ್ಣ ಬಿಳಿ ಬೇರು ತಾನಾಗಿ ಹೊರಟಿದೆ. ನೀರಿಲ್ಲ, ಮಣ್ಣಿಲ್ಲ, ಹೊರಟಿದೆ.

ಕರಟಗಳ ಕಣ್ಣಿನಿಂದ ನಾರನ್ನು ಮೊಳೆಯಲ್ಲಿ ಕಿತ್ತು ತೆಗೆದು ತೊಳೆದು ಒಣಗಿಸಿದೆ. ಮೂಲೆಗೆ ಸುರಿದಿದ್ದ ಪವಿತ್ರಾಳ ಜಲ್ಲಿ ಮರಳನ್ನೇ ಜರಡಿ ಹಿಡಿದು ತುಂಬಿದೆ. ಒಂದು ಬೊಗಸೆ ನೀರು ಸುರಿದರೆ ಮೇಲಿನಿಂದ ಕೆಳಕ್ಕೆ ಮಾತಾಡದೆ ಹೋಗುತ್ತದೆ. ಆ ಹುಡುಗಿ ಇದನ್ನು ಎಷ್ಟು ಯೋಚಿಸಿ ಮಾಡಿದ್ದಳೆಂಬುದು ಕೈಯಿಟ್ಟ ಮೇಲೆ ತಿಳಿಯಿತು. ಎಪ್ಪತ್ತೊಂದನ್ನೂ ನೆಟ್ಟೆ. ನೀರು ಹಾಕಲಿಲ್ಲ.

೨೩ ಮಾರ್ಚ್, ಭಾನುವಾರ

ಪವಿತ್ರಾ ಬಂದಳು. ಅಣ್ಣಯ್ಯನವರು ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಾರಂತೆ. ಚೀಲ ಇಟ್ಟವಳೇ ತಾರಸಿಗೆ ಹತ್ತಿದಳು. ನಾನು ಕೆಳಗೇ ಕುಳಿತಿದ್ದೆ. ಇಳಿದು ಬಂದಾಗ ಆಕೆಯ ಕಣ್ಣು ಕೆಂಪಗಿತ್ತು. ಅಡಿಗೆಗೆ ಕೈಹಚ್ಚಿದಳು, ಬಡಿಸಿದಳು, ನನ್ನೊಡನೆ ಮಾತಾಡಲಿಲ್ಲ. ಮಾತಾಡಬೇಕೆಂದು ನಾನೂ ಕೇಳಿಕೊಳ್ಳಲಿಲ್ಲ. ತಾವರೆ ಜಾತಿಯನ್ನು ಎಲೆಯಿಂದ ಅಷ್ಟು ದೊಡ್ಡದು ಮಾಡಲು ಆಕೆಗೆ ಒಂದು ವರ್ಷ ಹಿಡಿದಿತ್ತು.

೨೫ ಮಾರ್ಚ್, ಮಂಗಳವಾರ

ಸಂಜೆ ಆಕೆ ತಾರಸಿಯಿಂದಲೇ ಕೂಗಿದಳು.

“ಅತ್ತೆ, ಇವನ್ನ ಕುಯ್ದಿದ್ದು ಗಿಡ್ಡಯ್ಯನಾ?”

“ನಾನೇ.”

“ಚಾಕು ಕಾಯಿಸಿ ಕುಯ್ದ್ರಾ?”

“ಹೂಂ.”

“ನಾನೂ ಇಷ್ಟು ನೀಟಾಗಿ ಕುಯ್ಯಲ್ಲ,” ಎಂದಳು. ಆಮೇಲೆ, “ಮೇಲೆ ಬನ್ನಿ, ಒಂದು ತೋರಿಸ್ಬೇಕು,” ಎಂದಳು. ಬುಟ್ಟಿಯಲ್ಲಿ ಸತ್ತವೆಂದು ಎಸೆದಿದ್ದರ ಒಂದು ಎಲೆಯ ಬುಡದಲ್ಲಿ ಸಾಸಿವೆ ಗಾತ್ರದ ಮರಿಯಿತ್ತು. ಮದುವೆಗಂತೂ ಆಗುವುದಿಲ್ಲ. ಇಬ್ಬರೂ ಬಗ್ಗಿ ಬಹಳ ಹೊತ್ತು ನೋಡಿದೆವು.

೨ ಏಪ್ರಿಲ್, ಬುಧವಾರ

ಪವಿತ್ರಾಳೊಡನೆ ತುರುವೇಕೆರೆಗೆ ಹೋಗಿ ಬಂದೆ. ಬರುವುದು ಬೇಡವೆಂದಳು, ಕೇಳಲಿಲ್ಲ. ದಯಾನಂದ್ ಅವರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಶಾಂತಕುಮಾರಿ ಹಪ್ಪಳದ ಡಬ್ಬಗಳ ನಡುವೆ ಕುಳಿತಿದ್ದರು. ಎಪ್ಪತ್ತೊಂದು ಮಾತ್ರ ಎಂದು ಕೇಳಿ ಅವರ ಮುಖ ಇಳಿಯಿತು.

“ನೂರ ಮೂವತ್ತು ಅಂತ ಬೀಗರಿಗೆಲ್ಲ ಹೇಳ್ಬುಟ್ಟಿದೀನಲ್ರೀ. ಏನಾಯ್ತು?”

ಪವಿತ್ರಾ ನನ್ನ ಕಡೆ ನೋಡದೆ, “ಬಿಸಿಲು ಜಾಸ್ತಿ ಆಯ್ತು ಆಂಟಿ, ತಡೀಲಿಲ್ಲ,” ಎಂದಳು.

ಆಕೆ ನನ್ನ ತಪ್ಪನ್ನು ಮುಚ್ಚಲು ತನ್ನ ಗಿಡದ ಮೇಲೆಯೇ ದೂರು ಹೊರಿಸಿದಳು. ಅದನ್ನು ನನಗೆ ಒಪ್ಪಲಾಗಲಿಲ್ಲ.

“ಬಿಸಿಲಿಗೆ ಹೋಗೋ ಗಿಡ ಅಲ್ಲ ಕಣಮ್ಮ ಇದು. ಇವಳು ಬೆಳೆಸಿದ್ದು ಸುಡೋ ತಾರಸಿ ಮೇಲೆ, ಒಂದೊಂದು ಎಲೆಯಿಂದ. ಬಿಸಿಲು ಒಂದನ್ನೂ ಕೊಲ್ಲಲಿಲ್ಲ. ಇವಳು ಊರಲ್ಲಿಲ್ಲದಾಗ ಇವಳ ಮಾತು ಮೀರಿ ನೀರು ಹಾಕಿ ಕೊಳೆಸಿದ್ದು ನಾನು. ಉಳಿದಿರೋ ಎಪ್ಪತ್ತೊಂದು ಗಟ್ಟಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತವೆ.”

ಶಾಂತಕುಮಾರಿ ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. “ಸೊಸೇನ ವಹಿಸ್ಕೊಂಡು ಮಾತಾಡೋ ಅತ್ತೇನ ನೋಡಿ ಬಹಳ ದಿನ ಆಗಿತ್ತು,” ಎಂದು ನಕ್ಕು, ಗಿಡಗಳನ್ನು ಹಿರಿಯ ಮುತ್ತೈದೆಯರಿಗೂ ಹತ್ತಿರದ ನೆಂಟರಿಗೂ ಕೊಡುವುದಾಗಿಯೂ, ಮಿಕ್ಕವರಿಗೆ ತೆಂಗಿನಕಾಯಿಯೇ ಸಾಕೆಂದೂ ತೀರ್ಮಾನಿಸಿದರು.

ಬಸ್ಸಿನಲ್ಲಿ ಪವಿತ್ರಾ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟಳು. ತಿಪಟೂರು ದಾಟುವಾಗ ಆಕೆಯ ತಲೆ ನನ್ನ ಹೆಗಲ ಮೇಲೆ ಬಿತ್ತು. ನಿದ್ದೆ ಬಂದಿತ್ತು.

೨೧ ಏಪ್ರಿಲ್, ಸೋಮವಾರ

ನಿನ್ನೆ ಮದುವೆ ಆಯಿತು. ಎಪ್ಪತ್ತೊಂದು ಕರಟಗಳನ್ನು ಸಾಲಾಗಿ ಜೋಡಿಸಿದ್ದನ್ನು ನೋಡಲು ಜನ ಊಟದ ಸಾಲು ಬಿಟ್ಟು ಬಂದರು. ತೆಂಗಿನಕಾಯಿ ಸಿಕ್ಕವರು ಗಿಡ ಸಿಕ್ಕವರ ಕೈಯನ್ನೇ ನೋಡುತ್ತಿದ್ದರು. ಯಾರು ಬೆಳೆಸಿದ್ದೆಂದು ಕೇಳಿದವರಿಗೆಲ್ಲ ನಮ್ಮ ಪವಿತ್ರಾಳನ್ನು ತೋರಿಸಿದೆ. ಕೇಳದವರಿಗೂ ತೋರಿಸಿದೆ. ಆಕೆ ಸಾಕು ಅತ್ತೆ ಎಂದು ಎರಡು ಸಲ ಸೆರಗು ಎಳೆದಳು.

೧೧ ಮೇ, ಭಾನುವಾರ

ಮದುವೆಯಲ್ಲಿ ಗಿಡ ಪಡೆದಿದ್ದ ತಿಪಟೂರಿನ ಆಶಾ ಎಂಬುವಳ ಫೋನ್ ಬಂತು. ಪವಿತ್ರಾಳ ಕೈಯಲ್ಲಿ ಮಣ್ಣಿದ್ದುದರಿಂದ ನಾನೇ ತೆಗೆದೆ. ಎಲೆ ಗಾಜಿನಂತಾಗಿ ಉದುರುತ್ತಿದೆಯೆಂದು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಅತ್ತೆ ಬೈಯುತ್ತಾರಂತೆ.

“ದಿನಾ ನೀರು ಹಾಕಿದ್ಯಾ ಮಗಳೇ?”

“ಹೂಂ ಅಜ್ಜಿ. ಒಣಗೋಗ್ತದೆ ಅಂತ.”

“ಅಳಬೇಡ. ಚಾಕು ಕಾಯಿಸ್ಕೊ. ಕಪ್ಪು ಚುಕ್ಕೆ ಕಾಣದೇ ಇರೋವರೆಗೂ ಮೇಲಕ್ಕೆ ಕುಯ್ಯಿ. ನೆರಳಲ್ಲಿ ಹತ್ತು ದಿನ ಮಲಗ್ಸು. ಹತ್ತು ದಿನ ನೀನೂ ಸುಮ್ನೆ ಕೂತ್ಕೊ. ಬದುಕ್ತದೆ. ನಾನು ಬದುಕ್ಸಿದೀನಿ.”

“ನಿಮ್ಮ ಕೈಲೂ ಸತ್ತಿದ್ವಾ ಅಜ್ಜಿ? ಎಷ್ಟು?”

ಐವತ್ತೊಂಬತ್ತು, ಎಂದೆ. ಅವಳದು ಬರೀ ಒಂದು.